ಬ್ರೆಡ್ಡಿನ ಮೇಲಿನ ಹಸಿರು ಬೂಷ್ಟಿನಲ್ಲಿ ಪೆನಿಸಿಲಿನ್ ಇದೆಯಲ್ಲ, ತಿಂದರೆ ಔಷಧವಾಗುತ್ತದೆಯೇ?

ಇಲ್ಲ, ದಯವಿಟ್ಟು ತಿನ್ನಬೇಡಿ. ಉಡುಪಿಯ ನಮ್ಮ ಮನೆಯಲ್ಲಿ ಆಟಿಯ ಮಳೆ ಹಿಡಿದರೆ ಚರ್ಮದ ಬೆಲ್ಟಿನಿಂದ ಕೊಬ್ಬರಿಯವರೆಗೆ ಎಲ್ಲದಕ್ಕೂ ಬೂಷ್ಟು. ಮೇಲೆ ಕಾಣುವ ಹಸಿರು ಪುಡಿ ಬೀಜಕಣಗಳು. ನೂಲಿನಂಥ ಎಳೆಗಳು ಆಗಲೇ ಬ್ರೆಡ್ಡಿನೊಳಗೆ ಇಳಿದು, ಕಿಣ್ವ ಸುರಿಸಿ, ಕರಗಿದ್ದನ್ನು ಹೀರುತ್ತಿರುತ್ತವೆ. ಅದೇ ಊಟಕ್ಕೆ ಬರುವ ಬ್ಯಾಕ್ಟೀರಿಯಾವನ್ನು ತಡೆಯುವಂತೆ ಪೆನಿಸಿಲಿಯಂ ಎಂಬ ಬೂಷ್ಟಿನ ಕೆಲವು ಪ್ರಭೇದಗಳು ಪೆನಿಸಿಲಿನ್ ಒಸರುತ್ತವೆ. ಅದು ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿ ಕಟ್ಟಲು ಬಿಡುವುದಿಲ್ಲ. ನಮ್ಮ ಕೋಶಗಳಿಗೆ ಭಿತ್ತಿಯೇ ಇಲ್ಲ, ಹಾಗಾಗಿ ನಾವು ಬಚಾವು. ಎಂಥ ಅದ್ಭುತ! 1928ರಲ್ಲಿ ವಿಜ್ಞಾನಿ ಅಲೆಕ್ಸಾಂಡರ್ ಫ್ಲೆಮಿಂಗ್ ಇದನ್ನು ಗಮನಿಸಿದರೂ, ಶುದ್ಧೀಕರಿಸಿ ಮದ್ದಾಗಿಸಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಕೊಲೆಸ್ಟರಾಲ್ ಇಳಿಸುವ ಲೋವಾಸ್ಟಾಟಿನ್ ಕೂಡ ಆಸ್ಪರ್ಜಿಲಸ್ ಎಂಬ ಬೂಷ್ಟಿನಿಂದ ಬಂತು. ಆದರೆ ಅದೇ ಕುಲದ ಇನ್ನೊಂದು ಬೂಷ್ಟು ಕೊಬ್ಬರಿ, ನೆಲಗಡಲೆಯಲ್ಲಿ ಬೆಳೆದು ಯಕೃತ್ತನ್ನು ಕೆಡಿಸುವ ಅಫ್ಲಾಟಾಕ್ಸಿನ್ ಬಿಡುತ್ತದೆ. ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ.