ಲೆಕ್ಕ ಕೇಳಿ: ಬಸ್ಸು ನಮಗೇ ಯಾಕೆ ತಡ?

ಹೋದ ಸಂಚಿಕೆಯಲ್ಲಿ 'ನಿರೀಕ್ಷಿತ ಮೌಲ್ಯ' ಅನ್ನೋದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರ ಬಗ್ಗೆಯೇ. ತಪ್ಪು ನನ್ನದು, ಹಾಗಾಗಿ ಇವತ್ತು ಪೂರ್ತಿ ಅದೇ.

ಪ್ರಶ್ನೆ: ದಾಳ ಎಸೆದರೆ ನಿರೀಕ್ಷಿತ ಮೌಲ್ಯ 3.5 ಅಂತ ಬರೆದಿದ್ದಿರಿ. ದಾಳದಲ್ಲಿ ಮೂರೂವರೆ ಎಲ್ಲಿದೆ ಸಾರ್? ಇಲ್ಲದ್ದನ್ನು ನಿರೀಕ್ಷಿಸೋದು ಹೇಗೆ?

ಉತ್ತರ: ಸರಿಯಾಗಿ ಹಿಡಿದಿರಿ. ಆ ಹೆಸರೇ ದಾರಿ ತಪ್ಪಿಸುತ್ತದೆ. 1ರಿಂದ 6ರವರೆಗೆ ಕೂಡಿದರೆ 21, ಆರು ಮುಖಕ್ಕೆ ಹಂಚಿದರೆ 3.5, ಅಷ್ಟೇ. ಮುಂದಿನ ಎಸೆತದಲ್ಲಿ ಏನು ಬೀಳುತ್ತದೆ ಅಂತ ಅದು ಹೇಳುವುದೇ ಇಲ್ಲ. ಆದರೆ ನೂರು ಸಲ ಎಸೆದು ಬಿದ್ದದ್ದನ್ನೆಲ್ಲ ಕೂಡಿಸಿ ನೋಡಿ, ಮೊತ್ತ 350ರ ಆಸುಪಾಸಿನಲ್ಲೇ ಇರುತ್ತದೆ. ಈ ನೂರು ಎಸೆತದ ಆಟವನ್ನೇ ಇಪ್ಪತ್ತು ಸಲ ಆಡಿದರೆ ಸುಮಾರು ಹತ್ತೊಂಬತ್ತು ಸಲ ಮೊತ್ತ 315 ಮತ್ತು 385ರ ನಡುವೆ ಸಿಗುತ್ತದೆ. ಲೆಕ್ಕದ ದಾರಿ ಒಂದೇ: ಆಗಬಹುದಾದ ಪ್ರತಿಯೊಂದನ್ನೂ ಅದರ ಸಂಭವನೀಯತೆಯಿಂದ ಗುಣಿಸಿ, ಎಲ್ಲ ಕೂಡಿಸಿ. ಮುಂದಿನ ಪತ್ರಗಳಿಗೂ ಇದೇ ಮದ್ದು.

ಪ್ರಶ್ನೆ: ನಾನು, ನನ್ನ ತಮ್ಮ ಆಟದಲ್ಲಿ ಸರಿಸಮ. ಮೊದಲು ಮೂರು ಆಟ ಗೆದ್ದವರಿಗೆ ಇಡೀ ಬಹುಮಾನ ಅಂತ ಮಾತಾಗಿತ್ತು. ನಾನು ಎರಡು, ಅವನು ಒಂದು ಗೆದ್ದಾಗ ಕರೆಂಟ್ ಹೋಯಿತು, ಆಟ ಅಲ್ಲಿಗೇ ನಿಂತಿತು. ಬಹುಮಾನವನ್ನು ಎರಡಕ್ಕೆ ಒಂದರಂತೆ ಹಂಚೋಣ ಅಂತಾನೆ. ಒಪ್ಪಲಾ?

ಉತ್ತರ: ಒಪ್ಪಬೇಡಿ. ತಮ್ಮ ಚುರುಕಾಗಿದ್ದಾನೆ. ಆಗಿಹೋದ ಆಟಗಳನ್ನು ಎಣಿಸಬಾರದು, ಆಡದೇ ಉಳಿದ ಆಟಗಳನ್ನು ನೋಡಬೇಕು. ಅವನು ಬಹುಮಾನ ಹೊಡೆಯಬೇಕಾದರೆ ಮುಂದಿನ ಎರಡನ್ನೂ ಗೆಲ್ಲಬೇಕಿತ್ತು. ಅರ್ಧದಲ್ಲಿ ಅರ್ಧ, ಅಂದರೆ ಕಾಲು. ಉಳಿದ ಮುಕ್ಕಾಲು ನಿಮ್ಮದು. ಈ ಜಗಳ ಹಳೆಯದು. 1654ರಲ್ಲಿ ಫ್ರಾನ್ಸಿನ ಗಣಿತಜ್ಞರಾದ ಬ್ಲೇಸ್ ಪಾಸ್ಕಲ್ ಮತ್ತು ಪಿಯೇರ್ ದ ಫರ್ಮಾ ಪತ್ರ ಬರೆದುಕೊಂಡು ಬಿಡಿಸಿದ್ದು ಇಂಥದ್ದನ್ನೇ. ಪಾಸ್ಕಲ್ ತೆಗೆದುಕೊಂಡ ಉದಾಹರಣೆಯಲ್ಲೂ ಮೂರು ಆಟದ ಪಂದ್ಯ, ಒಬ್ಬನಿಗೆ ಎರಡು ಇನ್ನೊಬ್ಬನಿಗೆ ಒಂದು. ಪಣದಲ್ಲಿದ್ದ 64 ನಾಣ್ಯಗಳಲ್ಲಿ 48 ಮುಂದಿದ್ದವನಿಗೆ, 16 ಹಿಂದಿದ್ದವನಿಗೆ ಅಂತ ಅವನು ತೀರ್ಮಾನಿಸಿದ. ತಮ್ಮನಿಗೆ ತೋರಿಸಿ.

ಪ್ರಶ್ನೆ: ಪರೀಕ್ಷೆಯಲ್ಲಿ ನಾಲ್ಕು ಆಯ್ಕೆಗಳ ಪ್ರಶ್ನೆಗಳು. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ ಕಾಲು ಅಂಕ ಕಟ್. ಗೊತ್ತಿಲ್ಲದ್ದನ್ನು ಊಹಿಸಬೇಡ, ಬಿಟ್ಟುಬಿಡು ಅಂತ ಮನೆಯಲ್ಲಿ ಹೇಳ್ತಾರೆ. ನಿಜಾನಾ?

ಉತ್ತರ: ಪೂರ್ತಿ ನಿಜ ಅಲ್ಲ. ಏನೂ ಗೊತ್ತಿಲ್ಲದ 16 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದಿರಿ ಅಂತಿಟ್ಟುಕೊಳ್ಳಿ. ಸರಾಸರಿ 4 ಸರಿಯಾಗುತ್ತವೆ, 12 ತಪ್ಪಾಗುತ್ತವೆ. ಬಂದದ್ದು 4, ಹೋದದ್ದು 3. ಲಾಭ ಒಂದೇ ಒಂದು ಅಂಕ! ಅದೂ ಸರಾಸರಿ ಲೆಕ್ಕದಲ್ಲಿ. ಸರಿಯಾದದ್ದು 3 ಅಥವಾ ಇನ್ನೂ ಕಡಿಮೆಯಾದರೆ ಕೈಯಿಂದಲೇ ಹೋಗುತ್ತದೆ, ಹಾಗಾಗುವ ಸಂಭವ ನೂರಕ್ಕೆ ಸುಮಾರು 40. ಅಷ್ಟು ಸಣ್ಣ ಲಾಭಕ್ಕೆ ಎದೆ ಹೊಡೆದುಕೊಳ್ಳೋದು ಯಾಕೆ ಅನ್ನಿಸಿದರೆ ಬಿಟ್ಟುಬಿಡಿ, ನಾನೇನೂ ಅನ್ನುವುದಿಲ್ಲ.

ಆದರೆ ನಾಲ್ಕರಲ್ಲಿ ಒಂದು ಆಯ್ಕೆ ಖಂಡಿತ ಅಲ್ಲ ಅಂತ ಗೊತ್ತಿದ್ದರೆ ಕಥೆ ಬದಲಾಗುತ್ತದೆ. ಆಗ ಆರು ಪ್ರಶ್ನೆಗೆ ಸರಾಸರಿ ಎರಡು ಸರಿ, ನಾಲ್ಕು ತಪ್ಪು, ಆರಕ್ಕೇ ಒಂದು ಅಂಕ ಉಳಿಯಿತು. ಎರಡನ್ನು ಹೊಡೆದುಹಾಕಬಲ್ಲಿರಾದರೆ ಎಂಟು ಪ್ರಶ್ನೆಗೆ ಮೂರು ಅಂಕ. ಅಂಥದ್ದನ್ನು ಬಿಟ್ಟು ಬರುವುದು ದಡ್ಡತನ. ತಪ್ಪಿಗೆ ಮೂರನೇ ಒಂದು ಅಂಕ ಕಟ್ ಇದ್ದರೆ ಕಣ್ಣುಮುಚ್ಚಿದ ಊಹೆಗೆ ಸರಾಸರಿ ಸೊನ್ನೆ, ಆಗಲೂ ಒಂದು ಆಯ್ಕೆಯನ್ನು ತೆಗೆದುಹಾಕಿದ ತಕ್ಷಣ ಲೆಕ್ಕ ನಿಮ್ಮ ಕಡೆ ವಾಲುತ್ತದೆ. 'ಖಂಡಿತ ಅಲ್ಲ' ಅನ್ನೋದು ನಿಜವಾಗಿ ಖಂಡಿತ ಆಗಿರಬೇಕು, ಅಷ್ಟೇ.

ಪ್ರಶ್ನೆ: ನಮ್ಮ ದಾರಿಯಲ್ಲಿ ಸರಾಸರಿ ಹತ್ತು ನಿಮಿಷಕ್ಕೊಂದು ಬಸ್. ನಾನು ಟೈಮ್ ನೋಡದೆ ಹೋಗಿ ನಿಲ್ಲುತ್ತೇನೆ. ಹಾಗಾದರೆ ಸರಾಸರಿ ಐದು ನಿಮಿಷ ಕಾಯಬೇಕಲ್ವಾ? ದಿನವೂ ಅದಕ್ಕಿಂತ ಜಾಸ್ತಿ ಕಾಯುತ್ತೇನೆ. ನನ್ನ ಹಣೆಬರಹವೇ ಹೀಗಾ?

ಉತ್ತರ: ಹಣೆಬರಹ ಅಲ್ಲ, ಎಲ್ಲರದ್ದೂ ಇದೇ ಕಥೆ. ನನಗೆ ಬಹಳ ಇಷ್ಟವಾದ ಲೆಕ್ಕ ಇದು, ಸ್ವಲ್ಪ ಉದ್ದ ಆದರೂ ಓದಿ.

ಬಸ್ಸುಗಳು ಗಡಿಯಾರದ ಹಾಗೆ ಸರಿಯಾಗಿ ಹತ್ತತ್ತು ನಿಮಿಷಕ್ಕೆ ಬಂದರೆ ನೀವು ಹೇಳಿದ ಐದು ನಿಮಿಷ ಸರಿ. ಬರುತ್ತವಾ? ಒಂದು ಬಸ್ಸಾದ ಮೇಲೆ 5 ನಿಮಿಷಕ್ಕೇ ಇನ್ನೊಂದು, ಆಮೇಲೆ 15 ನಿಮಿಷ ಏನೂ ಇಲ್ಲ, ಮತ್ತೆ 5, ಮತ್ತೆ 15. ಗಂಟೆಗೆ ಆರು ಬಸ್, ಸರಾಸರಿ ಈಗಲೂ ಹತ್ತು ನಿಮಿಷ, ಇಲಾಖೆಯವರ ಕಾಗದದಲ್ಲಿ ಯಾವ ತಪ್ಪೂ ಇಲ್ಲ. ಈಗ ನೀವು ಯಾವುದೋ ಒಂದು ಗಳಿಗೆಯಲ್ಲಿ ಹೋಗಿ ನಿಂತಿರಿ. ಆ ಗಂಟೆಯ 60 ನಿಮಿಷದಲ್ಲಿ ಸಣ್ಣ ಅಂತರಗಳು ಸೇರಿ 15 ನಿಮಿಷ, ದೊಡ್ಡವು ಸೇರಿ 45. ಅಂದರೆ ನೀವು ಆ ದೊಡ್ಡ ಅಂತರದಲ್ಲೇ ಹೋಗಿ ಬೀಳುವ ಸಂಭವ ಮುಕ್ಕಾಲು ಪಾಲು. ಅಲ್ಲಿ ಬಿದ್ದರೆ ಸರಾಸರಿ ಕಾಯುವುದು ಏಳೂವರೆ ನಿಮಿಷ, ಸಣ್ಣದರಲ್ಲಿ ಬಿದ್ದರೆ ಎರಡೂವರೆ. ಮುಕ್ಕಾಲು ಗುಣಿಸು 7.5, ಕಾಲು ಗುಣಿಸು 2.5, ಎರಡೂ ಕೂಡಿದರೆ 6.25 ನಿಮಿಷ. ಐದಲ್ಲ!

ಅಂತರ 1 ಮತ್ತು 19 ಆದರೆ ಇನ್ನೂ ಮಜಾ. ಸರಾಸರಿ ಅಂತರ ಅದೇ ಹತ್ತು, ಕಾಯುವುದು 9.05. ಬಸ್ಸುಗಳು ಯಾವ ಹಿಡಿತವೂ ಇಲ್ಲದೆ ಮನಸ್ಸು ಬಂದಾಗ ಬಂದರೆ ಸರಾಸರಿ ಕಾಯುವ ಹೊತ್ತು ಪೂರ್ತಿ ಹತ್ತು ನಿಮಿಷ. ಬಸ್ಸುಗಳು ಜೋಡಿಯಾಗಿ ಬರುವುದಕ್ಕೂ ಕಾರಣ ಇದೆ. ಸ್ವಲ್ಪ ತಡವಾದ ಬಸ್ಸಿಗೆ ಪ್ರತಿ ನಿಲ್ದಾಣದಲ್ಲೂ ಜಾಸ್ತಿ ಜನ ಹತ್ತುತ್ತಾರೆ, ಅದರಿಂದ ಅದು ಇನ್ನೂ ತಡವಾಗುತ್ತದೆ, ಹಿಂದಿನ ಬಸ್ಸಿಗೆ ಜನ ಕಮ್ಮಿಯಾಗಿ ಅದು ಬೇಗ ಬೇಗ ಬಂದು ಮುಂದಿನದರ ಬೆನ್ನಿಗೇ ಅಂಟಿಕೊಳ್ಳುತ್ತದೆ. ಎರಡು ಬಸ್ ಒಟ್ಟಿಗೆ ಹೋದದ್ದನ್ನು ಕಂಡರೆ ಮುಂದೆ ದೊಡ್ಡ ಅಂತರ ಇದೆ ಅಂತಲೇ ತಿಳಿಯಿರಿ. ನಾನಾದರೆ ಆಗ ಸುಮ್ನೆ ನಡೆದುಬಿಡುತ್ತೇನೆ.

ಪ್ರಶ್ನೆ: ಹೊಸ ಫೋನಿಗೆ ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳಿ ಅಂತ ಒತ್ತಾಯ ಮಾಡ್ತಾರೆ. ತಗೊಳ್ಳೋದಾ, ಬೇಡ್ವಾ?

ಉತ್ತರ: ಫೋನಿನ ಬೆಲೆ 100 ಅಂತ ಇಟ್ಟುಕೊಳ್ಳಿ. ವಾರಂಟಿಗೆ 10 ಕೇಳುತ್ತಾರೆ. ಇಪ್ಪತ್ತರಲ್ಲಿ ಒಂದು ಫೋನ್ ಕೆಡುತ್ತದೆ, ಕೆಟ್ಟರೆ ರಿಪೇರಿಗೆ 60. ಆಗ ನಿರೀಕ್ಷಿತ ನಷ್ಟ 60ರ ಇಪ್ಪತ್ತನೇ ಒಂದು ಭಾಗ, ಬರೀ 3. ಮೂರರ ನಷ್ಟ ತಪ್ಪಿಸಿಕೊಳ್ಳಲು ಹತ್ತು ಕೊಟ್ಟ ಹಾಗಾಯಿತು. ಈ ಅಂಕಿಗಳು ನಾನು ಹಾಕಿದ್ದು, ನಿಮ್ಮ ಅಂಕಿ ಹಾಕಿಕೊಂಡು ನೋಡಿ. ಆದರೆ ಮಾರುವವನಿಗೆ ಲಾಭ ಬೇಕಲ್ಲ, ಹಾಗಾಗಿ ಸರಾಸರಿಯಲ್ಲಿ ಕೊಳ್ಳುವವರಿಗೆ ನಷ್ಟವೇ.

ಹಾಗಾದರೆ ಮನೆಗೆ ಬೆಂಕಿ ವಿಮೆ ಮಾಡಿಸುವವರೆಲ್ಲ ದಡ್ಡರಾ? ಅಲ್ಲ. ಅಲ್ಲೂ ಸರಾಸರಿಯಲ್ಲಿ ನಷ್ಟವೇ, ಆದರೆ ಮನೆ ಸುಟ್ಟರೆ ಮತ್ತೆ ಕಟ್ಟುವ ತಾಕತ್ತು ಎಷ್ಟು ಜನರಿಗಿದೆ? 1738ರಲ್ಲಿ ಡೇನಿಯಲ್ ಬೆರ್ನೂಲಿ ಅನ್ನೋ ಗಣಿತಜ್ಞ ಕೊಟ್ಟ ಉದಾಹರಣೆ ಚೆನ್ನಾಗಿದೆ. ಬಡವನೊಬ್ಬನಿಗೆ ಒಂದು ಲಾಟರಿ ಚೀಟಿ ಸಿಕ್ಕಿದೆ. ಬಂದರೆ 20,000 ನಾಣ್ಯ, ಇಲ್ಲದಿದ್ದರೆ ಏನೂ ಇಲ್ಲ, ಎರಡಕ್ಕೂ ಸಮ ಸಂಭವ. ಅದನ್ನು ಅವನು 9,000ಕ್ಕೆ ಮಾರಿದರೆ ತಪ್ಪಾ? ನಿರೀಕ್ಷಿತ ಮೌಲ್ಯ 10,000 ನಿಜ, ಆದರೂ ಅವನು ಮಾರುವುದೇ ಜಾಣತನ. ಅದೇ ಚೀಟಿಯನ್ನು 9,000ಕ್ಕೆ ಕೊಳ್ಳಲು ಶ್ರೀಮಂತ ಹಿಂದೆಮುಂದೆ ನೋಡಿದರೆ ಅವನೇ ದಡ್ಡ. ಫೋನ್ ಕೆಟ್ಟರೆ ನಿಮಗೆ ಬೇಜಾರಾಗುತ್ತದೋ, ತಿಂಗಳೇ ಬುಡಮೇಲಾಗುತ್ತದೋ? ಬರೀ ಬೇಜಾರಾದರೆ ವಾರಂಟಿ ಬೇಡ ಅನ್ನಿ.

ಪ್ರಶ್ನೆ: ಪೊಟ್ಟಣದೊಳಗೆ ಒಂದು ಪುಟ್ಟ ಗೊಂಬೆ ಬರುತ್ತೆ, ಒಟ್ಟು ಆರು ಥರ. ಮಗನಿಗೆ ಐದು ಸಿಕ್ಕಿವೆ. ಆರನೆಯದು ಬರ್ತಾನೇ ಇಲ್ಲ. ಮೋಸ ಇರಬಹುದಾ?

ಉತ್ತರ: ಮೋಸ ಅಂತ ಈಗಲೇ ಹೇಳಲಾಗದು. ಆರೂ ಸಮನಾಗಿ ತುಂಬಿದ್ದರೂ ಮೊದಲ ಐದು ಥರ ಸೇರಲು ಸರಾಸರಿ 8.7 ಪೊಟ್ಟಣ ಬೇಕು, ಕೊನೆಯ ಒಂದಕ್ಕೇ ಇನ್ನೂ 6. ಒಟ್ಟು 14.7. ಒಂದು ಥರವನ್ನು ಬೇಕಂತಲೇ ನೂರಕ್ಕೊಂದರಂತೆ ಹಾಕಿದ್ದರೆ ಅದೊಂದಕ್ಕೇ ಸರಾಸರಿ 100 ಪೊಟ್ಟಣ ಬೇಕಾಗುತ್ತದೆ. ಮಗನ ಗೆಳೆಯರಲ್ಲಿ ಯಾರ ಹತ್ತಿರವಾದರೂ ಆ ಆರನೆಯದು ಎರಡು ಇದೆಯಾ ಕೇಳಿ, ಇವನ ಹತ್ತಿರ ಎರಡಿರುವುದನ್ನು ಕೊಟ್ಟು ಬದಲಾಯಿಸಿಕೊಳ್ಳಲಿ. ಯಾರ ಹತ್ತಿರವೂ ಒಂದೂ ಇಲ್ಲ ಅಂದರೆ ಮತ್ತೆ ಬರೆಯಿರಿ, ಆಗ ನನಗೂ ಅನುಮಾನ ಬರುತ್ತದೆ.