ಚೈನ್ ನಿಲ್ಲದಿರಲು ವಂತಿಗೆ: ಎಷ್ಟು ಕೇಳುವುದು, ಯಾರಲ್ಲಿ, ಎಲ್ಲಿಡುವುದು?

ಪ್ರಶ್ನೆ: ನಾವು ನಾಲ್ವರು ಮೂರು ವರ್ಷಗಳಿಂದ ಓಪನ್ ಸೋರ್ಸ್ ಬ್ಲಾಕ್‌ಚೈನ್ (ಹಲವರ ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ಇರುವ ವಹಿವಾಟಿನ ದಾಖಲೆ) ಒಂದನ್ನು ಕಟ್ಟುತ್ತಿದ್ದೇವೆ. ಟೆಸ್ಟ್‌ನೆಟ್ (ಪ್ರಯೋಗದ ಜಾಲ) ಓಡುತ್ತಿದೆ, ಹೊರಗಿನವರು ನಡೆಸುವ ನೋಡ್‌ಗಳೂ (ಜಾಲಕ್ಕೆ ಸೇರಿದ ಕಂಪ್ಯೂಟರ್‌ಗಳು) ಇವೆ. ಮೊದಲು ಸಿಕ್ಕ ಅನುದಾನ ಮುಗಿಯಿತು. ಇನ್ನು ಆರು ತಿಂಗಳ ಕೆಲಸಕ್ಕೆ ಬಳಕೆದಾರರಲ್ಲೇ ಹಣ ಕೇಳೋಣ ಎಂದಿದ್ದೇವೆ. ಎಷ್ಟು ಕೇಳಬೇಕು? ಟೋಕನ್ (ನಮ್ಮದೇ ಡಿಜಿಟಲ್ ನಾಣ್ಯ) ಮಾರಿದರೆ ಸುಲಭ ಎನ್ನುತ್ತಾನೆ ನಮ್ಮಲ್ಲೊಬ್ಬ.
– ಓದುಗರು, ಸುರತ್ಕಲ್

ಉತ್ತರ: ಟೋಕನ್ ಮಾತನ್ನು ಮೊದಲು ಮುಗಿಸೋಣ. ನಮ್ಮ ಕಡೆ ದೇವಸ್ಥಾನದ ಜೀರ್ಣೋದ್ಧಾರಕ್ಕೆ ವಂತಿಗೆ ಕೊಟ್ಟವರು ರಶೀದಿ ಕೇಳುತ್ತಾರೆ, ಹುಂಡಿಯಲ್ಲಿ ಪಾಲು ಕೇಳುವುದಿಲ್ಲ. ಟೋಕನ್ ಕೊಂಡವರು ಕೇಳುವುದು ಪಾಲನ್ನೇ. ಬೆಲೆ ಯಾವಾಗ ಏರುತ್ತದೆ, ಯಾವ ಎಕ್ಸ್‌ಚೇಂಜಿಗೆ ಬರುತ್ತದೆ ಎಂಬುದಕ್ಕೆ ಸಮಾಧಾನ ಹೇಳುವುದರಲ್ಲೇ ನಿಮ್ಮ ದಿನ ಕಳೆಯುತ್ತದೆ. ಟೆಜೋಸ್ ಎಂಬ ಬ್ಲಾಕ್‌ಚೈನ್ 2017ರಲ್ಲಿ ಹೀಗೆ 23 ಕೋಟಿ ಡಾಲರ್ ಎತ್ತಿತು. ಹಣ ಹಿಡಿದಿದ್ದ ಪ್ರತಿಷ್ಠಾನಕ್ಕೂ ಸ್ಥಾಪಕರಿಗೂ ಜಟಾಪಟಿಯಾಯಿತು, ಕೊಂಡವರು ಅಮೆರಿಕದ ಕೋರ್ಟಿಗೆ ಹೋದರು, ಕೊನೆಗೆ 2020ರಲ್ಲಿ 2.5 ಕೋಟಿ ಡಾಲರಿಗೆ ರಾಜಿಯಾಯಿತು. ನಾಲ್ಕು ಜನರ ತಂಡಕ್ಕೆ ಆ ಉಸಾಬರಿ ಬೇಡ.

ಬ್ಲಾಕ್ ಬಹುಮಾನದಲ್ಲೇ (ಪ್ರತಿ ಹೊಸ ಬ್ಲಾಕಿನೊಂದಿಗೆ ಹುಟ್ಟುವ ನಾಣ್ಯದಲ್ಲೇ) ಒಂದಂಶವನ್ನು ಅಭಿವೃದ್ಧಿಗೆ ತೆಗೆದಿಡುವ ಕ್ರಮವೂ ಇದೆ. ಝೀಕ್ಯಾಶ್ ಎಂಬ ಕ್ರಿಪ್ಟೊ ನಾಣ್ಯ 2020ರ ನವೆಂಬರಿನಿಂದ ನಾಲ್ಕು ವರ್ಷ ಶೇ. 20ನ್ನು ಹೀಗೆ ಹಂಚಿತು: ಅನುದಾನಗಳಿಗೆ 8, ಮೂಲ ಕಂಪನಿಗೆ 7, ಪ್ರತಿಷ್ಠಾನಕ್ಕೆ 5. ನಾಣ್ಯಕ್ಕೆ ಮಾರುಕಟ್ಟೆ ಬೆಲೆ ಇರುವವರಿಗೆ ಅದು ಸರಿ. ಟೆಸ್ಟ್‌ನೆಟ್ ನಾಣ್ಯದಲ್ಲಿ ಶೇ. 20 ಎಂದರೆ ಸೊನ್ನೆಯಲ್ಲಿ ಐದನೇ ಒಂದು ಪಾಲು.

ಹಾಗಾಗಿ ನಿಮಗಿರುವುದು ನೇರ ವಂತಿಗೆ. ಮೊತ್ತವನ್ನು ಮೇಲಿನಿಂದ ಇಳಿಸಬೇಡಿ, ಕೆಳಗಿನಿಂದ ಕಟ್ಟಿ. ಉದಾಹರಣೆಗೆ, ಇಬ್ಬರಿಗೆ ತಲಾ ತಿಂಗಳಿಗೆ 50,000 ರೂಪಾಯಿಯಂತೆ ಆರು ತಿಂಗಳು: 6,00,000. ನಾಲ್ಕು ಸರ್ವರ್, ತಲಾ ತಿಂಗಳಿಗೆ 3,500ರಂತೆ ಆರು ತಿಂಗಳು: 84,000. ಎರಡೂ ಸೇರಿ 6,84,000. ಅದರ ಮೇಲೆ ಅನಿರೀಕ್ಷಿತ ಖರ್ಚಿಗೆ ಶೇ. 10 ಸೇರಿಸಿದರೆ 7,52,400. ಹಣ ಸ್ವೀಕರಿಸಿಕೊಡುವ ಆತಿಥೇಯ ಸಂಸ್ಥೆ ಶೇ. 10 ಹಿಡಿದುಕೊಳ್ಳುವುದಾದರೆ ಹೆಚ್ಚಿನವರು ಎಡವುವುದು ಇಲ್ಲೇ. 7,52,400ಕ್ಕೆ ಶೇ. 10 ಕೂಡಿಸಿ 8,27,640 ಕೇಳುತ್ತಾರೆ. ಸಂಸ್ಥೆ ಹಿಡಿಯುವುದು ಒಟ್ಟು ಮೊತ್ತದ ಶೇ. 10, ಅಂದರೆ 82,764. ಕೈಗೆ ಬರುವುದು 7,44,876, ಅಲ್ಲಿಗೆ 7,524 ಖೋತಾ. ಕೂಡಿಸುವ ಬದಲು 0.9ರಿಂದ ಭಾಗಿಸಿ. ಕೇಳಬೇಕಾದದ್ದು 8,36,000.

ಭದ್ರತಾ ಆಡಿಟ್ (ಹೊರಗಿನ ಪರಿಣತರಿಂದ ಕೋಡ್ ತಪಾಸಣೆ) ಖರ್ಚನ್ನು ಇದರೊಳಗೆ ತುರುಕಬೇಡಿ. ಅದಕ್ಕೆ ಕೊಟೇಶನ್ ತರಿಸಿ ಬೇರೆಯೇ ಮನವಿ ಮಾಡಿ. ಇಲ್ಲವಾದರೆ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಇನ್ನು ಮನವಿಯ ಒಕ್ಕಣೆ. ‘ಅಭಿವೃದ್ಧಿ ಮುಂದುವರಿಸಲು’ ಎಂದು ಬರೆದರೆ ಯಾರ ಕೈಯೂ ಜೇಬಿಗೆ ಹೋಗುವುದಿಲ್ಲ. ‘ಹೊಸ ನೋಡ್ ಮೊದಲ ಬ್ಲಾಕಿನಿಂದ ಸಿಂಕ್ ಆಗಲು (ಪೂರ್ತಿ ದಾಖಲೆ ಇಳಿಸಿಕೊಳ್ಳಲು) ಈಗ 19 ಗಂಟೆ ಬೇಕು, ಸ್ನ್ಯಾಪ್‌ಶಾಟ್ ಸಿಂಕ್ (ಸಿದ್ಧ ಪ್ರತಿಯಿಂದ ಆರಂಭಿಸುವ ಕ್ರಮ) ಬರೆದು ಅದನ್ನು 2 ಗಂಟೆಗೆ ಇಳಿಸುತ್ತೇವೆ, ಎರಡನೇ ತಿಂಗಳ ಕೊನೆಗೆ ರಿಲೀಸ್’ ಎಂದು ಬರೆಯಿರಿ. ನೋಡ್ ನಡೆಸುವವನು ತನ್ನ ಮನೆಯಲ್ಲೇ ಅದನ್ನು ಅಳೆದು ನೋಡಬಲ್ಲ. ಇಂಥ ಮೂರು ಹಂತ ಸಾಕು. ಮೊದಲ ಹಂತಕ್ಕೆ ಮುಂಗಡ, ಉಳಿದವಕ್ಕೆ ರಿಲೀಸ್ ಟ್ಯಾಗ್ ಬಿದ್ದ (ಆ ಆವೃತ್ತಿ ಹೊರಬಂದ) ಮೇಲೆ ಹಣ ಬಿಡುಗಡೆ. ಒಂದು ಹಂತವನ್ನಾದರೂ ಬರೀ ದುರಸ್ತಿಗೆ ಇಡಿ: ಹಳತಾದ ಲೈಬ್ರರಿಗಳ ಅಪ್‌ಗ್ರೇಡ್, ಬಿಟ್ಟುಹೋದ ಟೆಸ್ಟ್‌ಗಳು, ತೆರೆದೇ ಉಳಿದ ಬಗ್‌ಗಳು. ಅದರಲ್ಲಿ ಮಿಂಚಿಲ್ಲ ನಿಜ, ಆದರೆ ಚೈನ್ ಸಾಯುವುದು ಅಲ್ಲಿಂದಲೇ.

ಮನವಿ ಹಾಕುವ ಹಿಂದಿನ ದಿನ ಹೊಸ ಕಂಪ್ಯೂಟರೊಂದರಲ್ಲಿ ರೀಡ್‌ಮಿ (ಕೋಡಿನ ಜತೆಗಿರುವ ಸೂಚನಾ ಫೈಲ್) ನೋಡಿಕೊಂಡೇ ಬಿಲ್ಡ್ ಮಾಡಿ (ಕೋಡಿನಿಂದ ತಂತ್ರಾಂಶ ತಯಾರಿಸಿ). ಅಲ್ಲಿ ಅದು ಮುರಿದುಬಿದ್ದರೆ ಮನವಿಯನ್ನು ಒಂದು ವಾರ ಮುಂದೂಡಿ. ಲೈಸೆನ್ಸ್ ಫೈಲ್ ಇಲ್ಲದ ರೆಪೊಗೆ (ಕೋಡ್ ಇಟ್ಟ ಜಾಗಕ್ಕೆ) ಓಪನ್ ಸೋರ್ಸ್ ಎಂಬ ಹೆಸರೇ ಸಲ್ಲದು. ಅದನ್ನೂ ನೋಡಿಕೊಳ್ಳಿ.

ಪ್ರಶ್ನೆ: ಹಣ ಕೊಟ್ಟವರಿಗೆ ಮುಂದೆ ಲಾಭ ಬಂದರೆ ಶೇ. 12ರಂತೆ ಹಿಂದಿರುಗಿಸುತ್ತೇವೆ ಎನ್ನಬಹುದೇ?
– ಓದುಗರು, ಕಾಪು

ಉತ್ತರ: ಬೇಡ. ಹಿಂದಿರುಗಿಸುವ ಮಾತು ಬಂದ ಕೂಡಲೇ ಅದು ಠೇವಣಿಯ ರೂಪ ತಾಳುತ್ತದೆ. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯಲ್ಲಿ ಜೈಲು ಶಿಕ್ಷೆಯೂ ಇದೆ. ರಿಲೀಸ್ ನೋಟಿನಲ್ಲಿ ಹೆಸರು ಹಾಕಿ, ಅಷ್ಟು ಸಾಕು.

ಪ್ರಶ್ನೆ: ಬಳಕೆದಾರರಲ್ಲದೆ ಬೇರೆ ಎಲ್ಲಿ ಅರ್ಜಿ ಹಾಕಬಹುದು? ಕ್ವಾಡ್ರಾಟಿಕ್ ಫಂಡಿಂಗ್ ಎಂದರೇನು?
– ವಿದ್ಯಾರ್ಥಿ, ಮಣಿಪಾಲ

ಉತ್ತರ: ಓಪನ್ ಸೋರ್ಸ್ ತಂತ್ರಾಂಶಕ್ಕೆ ಹಣ ಕೊಡುವ, ನಮ್ಮ ದೇಶದ್ದೇ ಆದ ಫ್ಲಾಸ್ ಫಂಡ್ ಇದೆ. ಷೇರು ದಲ್ಲಾಳಿ ಕಂಪನಿ ಝೆರೋಧಾ ಇದನ್ನು 2024ರ ಅಕ್ಟೋಬರಿನಲ್ಲಿ ಘೋಷಿಸಿತು. ವರ್ಷಕ್ಕೆ 10 ಲಕ್ಷ ಡಾಲರ್, ಒಂದು ಯೋಜನೆಗೆ 10 ಸಾವಿರದಿಂದ 1 ಲಕ್ಷ ಡಾಲರ್. ಈಗಾಗಲೇ ವ್ಯಾಪಕವಾಗಿ ಬಳಕೆಯಲ್ಲಿರುವ ತಂತ್ರಾಂಶಕ್ಕಷ್ಟೇ ಅದು ಮೀಸಲು, ಹೊಸ ಕಲ್ಪನೆಗಳಿಗಲ್ಲ. ಅರ್ಜಿಯೆಂದರೆ ಫಂಡಿಂಗ್.ಜೇಸನ್ (funding.json) ಎಂಬ ಒಂದು ಫೈಲ್. ಫೈಲ್ ಒಂದು ಡೊಮೇನಿನಲ್ಲಿ, ರೆಪೊ ಇನ್ನೊಂದರಲ್ಲಿ ಇದ್ದರೆ ಎರಡೂ ನಿಮ್ಮವೇ ಎಂದು ತೋರಿಸುವ ವೆಲ್-ನೋನ್ ಕಡತವನ್ನೂ ಇಡಬೇಕು. ಇದನ್ನು ಮರೆಯುವವರು ಬಹಳ.

ಕ್ವಾಡ್ರಾಟಿಕ್ ಪದ್ಧತಿಯನ್ನು ಗಿಟ್‌ಕಾಯಿನ್ ಎಂಬ ದೇಣಿಗೆ ವೇದಿಕೆ ಬಳಕೆಗೆ ತಂದಿತು. ಪ್ರತಿಯೊಬ್ಬರ ವಂತಿಗೆಯ ವರ್ಗಮೂಲ ತೆಗೆದು, ಎಲ್ಲವನ್ನೂ ಕೂಡಿಸಿ, ಆ ಮೊತ್ತದ ವರ್ಗ ಮಾಡುತ್ತಾರೆ. 100 ಜನ ತಲಾ 9 ರೂಪಾಯಿ ಕೊಟ್ಟರೆ 3 ಗುಣಿಸು 100, ಅಂದರೆ 300. ಅದರ ವರ್ಗ 90,000. ಒಬ್ಬನೇ 900 ಕೊಟ್ಟರೆ 30ರ ವರ್ಗ 900, ಹಾಕಿದಷ್ಟೇ. ದೊಡ್ಡ ದಾನಿಗಳು ಮೊದಲೇ ತೆಗೆದಿಟ್ಟ ಪೂರಕ ನಿಧಿಯನ್ನು, ಈ ಅಂಕದಿಂದ ಜನ ಹಾಕಿದ್ದನ್ನು ಕಳೆದು ಉಳಿದುದರ ಅನುಪಾತದಲ್ಲಿ ಹಂಚುತ್ತಾರೆ. ಆದ್ದರಿಂದ ದೊಡ್ಡ ದಾನಿಯೊಬ್ಬನ ಹಿಂದೆ ಬೀಳುವುದಕ್ಕಿಂತ ನೂರು ಜನರಿಂದ ಚಿಲ್ಲರೆ ಕೇಳುವುದೇ ಲೇಸು. ಒಬ್ಬನೇ ನೂರು ವಾಲೆಟ್ ತೆರೆದು ಮೋಸ ಮಾಡುವುದೂ ಇದೇ ಕಾರಣಕ್ಕೆ. ಸಿಕ್ಕಿಬಿದ್ದರೆ ಇಡೀ ಯೋಜನೆಯನ್ನೇ ಸುತ್ತಿನಿಂದ ತೆಗೆಯುತ್ತಾರೆ. ಉತ್ಸಾಹಿ ಗೆಳೆಯರಿಗೆ ಮೊದಲೇ ಹೇಳಿಡಿ.

ಪ್ರಶ್ನೆ: ವಂತಿಗೆಯ ಕ್ರಿಪ್ಟೊವನ್ನು ಈಗ ಒಬ್ಬರ ಮೊಬೈಲ್ ವಾಲೆಟ್‌ನಲ್ಲಿ ಇಟ್ಟಿದ್ದೇವೆ. ಸಾಕೇ?
– ಓದುಗರು, ಉಡುಪಿ

ಉತ್ತರ: ಸಾಲದು. ಮೊನೆರೊ ಎಂಬ ಕ್ರಿಪ್ಟೊ ನಾಣ್ಯದ ಬಳಗದ ವಂತಿಗೆ ವಾಲೆಟ್ 2023ರ ಸೆಪ್ಟೆಂಬರ್ 1ರಂದು ಬರಿದಾಯಿತು. 2,675 ಮೊನೆರೊ ಹೋಯಿತು. ಅದರ ಸೀಡ್ ಪದಗಳು (ವಾಲೆಟ್ ತೆರೆಯುವ ಗುಟ್ಟಿನ ಪದಗಳು) ಇಬ್ಬರಿಗೆ ಮಾತ್ರ ಗೊತ್ತಿದ್ದವು. ಹಾಗೆಂದು ಹಣ ತೆಗೆಯಲು ಇಬ್ಬರೂ ಬೇಕೆಂದೇನೂ ಇರಲಿಲ್ಲ, ಒಂದೇ ಸೀಡ್ ಸಾಕಿತ್ತು.

ಮೂವರಲ್ಲಿ ಇಬ್ಬರು ಸಹಿ ಹಾಕಿದರೆ ಮಾತ್ರ ಹಣ ಚಲಿಸುವ ಮಲ್ಟಿಸಿಗ್ ಮಾಡಿ. ಮೂವರೂ ಒಂದೇ ಮನೆ, ಒಂದೇ ಪಿಜಿಯವರಾಗಿರಬಾರದು. ಒಬ್ಬರು ತಂಡದ ಹೊರಗಿನವರಾಗಿರಲಿ. ಬಿಟ್‌ಕಾಯಿನ್ ಮಲ್ಟಿಸಿಗ್‌ನಲ್ಲಿ ಎಡವುವ ಜಾಗ ಒಂದಿದೆ: ಎರಡು ಸೀಡ್ ಉಳಿದರೆ ಸಾಕು ಎಂದುಕೊಂಡಿರುತ್ತಾರೆ. ಆದರೆ ವಿಳಾಸಗಳನ್ನು ಮತ್ತೆ ಹುಟ್ಟಿಸಲು ಮೂರನೆಯವನ ಸಾರ್ವಜನಿಕ ಕೀಲಿಯೂ ಬೇಕು. ಮೂರೂ ಸಾರ್ವಜನಿಕ ಕೀಲಿಗಳಿರುವ, ವಾಲೆಟ್‌ನ ಡಿಸ್ಕ್ರಿಪ್ಟರ್ ಫೈಲಿನ ಪ್ರತಿ ಮೂವರ ಹತ್ತಿರವೂ ಇರಲಿ. ಮೊದಲು ಸಣ್ಣ ಮೊತ್ತ ಹಾಕಿ, ಒಬ್ಬರ ಸಾಧನ ಅಳಿಸಿ, ಉಳಿದ ಇಬ್ಬರಿಂದ ಹಣ ಹೊರಬರುತ್ತದೋ ನೋಡಿ.

ಸೀಡ್ ಪದಗಳನ್ನು ಕಾಗದದಲ್ಲಿ ಬರೆದು ಕಪಾಟಿನಲ್ಲಿಟ್ಟರೆ ನಮ್ಮೂರಿನ ಆಷಾಢ ಮುಗಿಯುವಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ, ಜೆಲ್ ಪೆನ್ನಿನ ಶಾಯಿ ಹರಡಿರುತ್ತದೆ. ಕಬ್ಬಿಣದ ತಗಡಾದರೆ ಕಡಲ ಗಾಳಿಗೆ ತುಕ್ಕು. ಸ್ಟೇನ್‌ಲೆಸ್ ಸ್ಟೀಲ್ ತಗಡಿನಲ್ಲಿ ಅಕ್ಷರದ ಅಚ್ಚು ಇಟ್ಟು ಸುತ್ತಿಗೆಯಿಂದ ಬಡಿಯಿರಿ. ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಸಾಕು. ಸೀಡ್ ಪದಗಳನ್ನು ಸಾಮಾನ್ಯವಾಗಿ ಆರಿಸುವ ಪಟ್ಟಿಯ 2,048 ಇಂಗ್ಲಿಷ್ ಪದಗಳಲ್ಲಿ ಯಾವ ಎರಡಕ್ಕೂ ಮೊದಲ ನಾಲ್ಕು ಅಕ್ಷರ ಒಂದೇ ಅಲ್ಲ.

ಪ್ರಶ್ನೆ: ದುಬೈಯಲ್ಲಿರುವ ಸ್ನೇಹಿತರು ಹಣ ಕಳಿಸುತ್ತೇವೆ ಎನ್ನುತ್ತಾರೆ, ಕೆಲವರು ಕ್ರಿಪ್ಟೊದಲ್ಲಿ. ತೆರಿಗೆ, ಕಾನೂನು ಹೇಗೆ? ಸಂಘ ನೋಂದಾಯಿಸಿದರೆ ಆದೀತೇ?
– ಓದುಗರು, ಮಂಗಳೂರು

ಉತ್ತರ: ಸಂಘಕ್ಕೆ ಕನಿಷ್ಠ ಏಳು ಜನ ಬೇಕು, ಅದು ಕಷ್ಟವಲ್ಲ. ಆದರೆ ಸಂಘಕ್ಕೆ ವಿದೇಶಿ ಮೂಲದ ದೇಣಿಗೆ ಬರಬೇಕಾದರೆ ವಿದೇಶಿ ವಂತಿಗೆ ಕಾಯ್ದೆಯ ನೋಂದಣಿ ಬೇಕು. ಅದಕ್ಕೆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು, ಆ ಅವಧಿಯಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. ನಿನ್ನೆ ಹುಟ್ಟಿದ ಸಂಘಕ್ಕೆ ಆ ದಾರಿಯಿಲ್ಲ, ಒಂದೊಂದು ದೇಣಿಗೆಗೂ ಪೂರ್ವಾನುಮತಿ ಕೇಳಬೇಕು.

ಹೊರಗಿನವರು ನಿರ್ದಿಷ್ಟ ಕೆಲಸ ಮಾಡಿಸಿಕೊಂಡು, ನೀವು ಇನ್‌ವಾಯ್ಸ್ ಕೊಟ್ಟು, ಹಣ ಬ್ಯಾಂಕಿಗೆ ಬಂದರೆ ಅದು ದೇಣಿಗೆಯಲ್ಲ, ವೃತ್ತಿ ಆದಾಯ. ಹಂತಹಂತದ ಮನವಿಗೆ ಇದೇ ಚೆನ್ನಾಗಿ ಒಗ್ಗುತ್ತದೆ. ಅದನ್ನೇ ಕ್ರಿಪ್ಟೊದಲ್ಲಿ ಪಡೆದರೆ ಜಿಎಸ್‌ಟಿಯಲ್ಲಿ ಸೇವಾ ರಫ್ತು ಎನಿಸುವುದಿಲ್ಲ. ರಫ್ತಿಗೆ ಹಣ ವಿದೇಶಿ ವಿನಿಮಯದಲ್ಲಿ, ಇಲ್ಲವೇ ರಿಸರ್ವ್ ಬ್ಯಾಂಕ್ ಒಪ್ಪಿದ ಕಡೆ ರೂಪಾಯಿಯಲ್ಲಿ ಬರಬೇಕು.

ವೈಯಕ್ತಿಕವಾಗಿ ಬಂದ ಉಡುಗೊರೆ, ಸಂಬಂಧಿಕರಲ್ಲದವರಿಂದ, ವರ್ಷಕ್ಕೆ ಒಟ್ಟು 50,000 ದಾಟಿದರೆ ಪೂರ್ತಿ ಮೊತ್ತಕ್ಕೂ ತೆರಿಗೆ, ದಾಟಿದ ಭಾಗಕ್ಕಷ್ಟೇ ಅಲ್ಲ. 2022ರಿಂದ ಕ್ರಿಪ್ಟೊಗೂ ಇದೇ ಲೆಕ್ಕ. ಮುಂದೆ ಅದನ್ನು ಮಾರಿದಾಗ ಬರುವ ಲಾಭಕ್ಕೆ ಶೇ. 30 ಮತ್ತು ಸೆಸ್. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಹಾಗಾಗಿ ಬಂದ ದಿನವೇ ನಾಲ್ಕು ಕಾಲಮ್ ತುಂಬಿಡಿ: ದಿನಾಂಕ, ವಹಿವಾಟಿನ ಹ್ಯಾಶ್ (ಗುರುತು ಸಂಖ್ಯೆ), ಆ ದಿನದ ರೂಪಾಯಿ ಬೆಲೆ, ಯಾವ ಹಂತದ ಕೆಲಸಕ್ಕೆ. ಮಾರ್ಚ್ ಕೊನೆಗೆ ಹಳೆಯ ಬೆಲೆ ಹುಡುಕಲು ಕೂತರೆ ಒಂದೊಂದು ಎಕ್ಸ್‌ಚೇಂಜ್ ಒಂದೊಂದು ಅಂಕಿ ತೋರಿಸುತ್ತದೆ, ಯಾವುದನ್ನು ಹಿಡಿದಿರಿ ಎಂದು ಸಿಎ ಕೇಳುತ್ತಾರೆ.