ಮೂರು ಲೈಬ್ರರಿ, ಒಂದೇ ಹಾಲ್: ಸ್ಯಾಂಪಲ್ ಆರ್ಕೆಸ್ಟ್ರಾ ಮಿಕ್ಸಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಕಿರುಚಿತ್ರಗಳಿಗೆ ಹಿನ್ನೆಲೆ ಸಂಗೀತ ಮಾಡುತ್ತೇನೆ. ಸ್ಟ್ರಿಂಗ್ಸ್‌ಗೆ (ಪಿಟೀಲು ಬಳಗ) ಒಂದು ಕಂಪನಿಯ ಸ್ಯಾಂಪಲ್ ಲೈಬ್ರರಿ, ಅಂದರೆ ನಿಜವಾದ ವಾದ್ಯಗಳ ಸ್ವರಗಳನ್ನು ರೆಕಾರ್ಡ್ ಮಾಡಿಟ್ಟ ಸಂಗ್ರಹ; ವುಡ್‌ವಿಂಡ್ಸ್‌ಗೆ (ಫ್ಲೂಟ್‌ನಂಥವು) ಇನ್ನೊಂದು, ಬ್ರಾಸ್‌ಗೆ (ಟ್ರಂಪೆಟ್, ಹಾರ್ನ್‌ನಂಥವು) ಮತ್ತೊಂದು. ಬಿಡಿಬಿಡಿಯಾಗಿ ಕೇಳಿದರೆ ಎಲ್ಲವೂ ಚೆನ್ನ. ಒಟ್ಟಿಗೆ ನುಡಿಸಿದರೆ ಪಿಟೀಲುಗಳು ದೊಡ್ಡ ಹಾಲ್‌ನಲ್ಲಿ, ಫ್ಲೂಟ್ ಕಿವಿಯ ಪಕ್ಕದಲ್ಲಿ, ಹಾರ್ನ್ ಇನ್ನೆಲ್ಲೋ. ಎಲ್ಲಕ್ಕೂ ಒಂದೇ ರಿವರ್ಬ್ (ಕೃತಕ ಪ್ರತಿಧ್ವನಿ) ಹಾಕಿ ನೋಡಿದೆ, ಇನ್ನಷ್ಟು ಕಲಸುಮೇಲೋಗರವಾಯಿತು.
— ಶಿವಮೊಗ್ಗದ ಓದುಗರು

ಉತ್ತರ: ಎಲ್ಲಕ್ಕೂ ಒಂದೇ ಪ್ರಮಾಣದ ರಿವರ್ಬ್ ಹಾಕಿದ್ದೇ ತೊಂದರೆ. ನಿಮ್ಮ ಸ್ಟ್ರಿಂಗ್ಸ್ ಒಳಗೆ ಹಾಲ್ ಆಗಲೇ ಕೂತಿದೆ, ಅದರ ಮೇಲೆ ಇನ್ನೊಂದು ಹಾಲ್ ಬಿತ್ತು. ವುಡ್‌ವಿಂಡ್ಸ್ ಒಣ ಕೋಣೆಯಲ್ಲಿ ರೆಕಾರ್ಡ್ ಆದದ್ದಾದರೆ ಅದಕ್ಕೆ ಅಷ್ಟು ರಿವರ್ಬ್ ಸಾಲದು.

ಲೈಬ್ರರಿಗಳು ಮೂಲದಲ್ಲೇ ಎರಡು ಜಾತಿ: ಒಣ ಜಾಗದಲ್ಲಿ ಆದವು, ಹಾಲ್‌ನ ಪ್ರತಿಧ್ವನಿ ಸಮೇತ ಆದವು. ವಿಯೆನ್ನಾ ಸಿಂಫೋನಿಕ್ ಲೈಬ್ರರಿಯ ಹಳೆಯ ಸಂಗ್ರಹಗಳನ್ನು ಪ್ರತಿಧ್ವನಿ ಬಹಳ ಕಡಿಮೆಯಿರುವ ಅವರದೇ ಸ್ಟೇಜ್‌ನಲ್ಲಿ ರೆಕಾರ್ಡ್ ಮಾಡಲಾಗಿತ್ತು. ಸ್ಪಿಟ್‌ಫೈರ್‌ನ ಹಲವು ದೊಡ್ಡ ಆರ್ಕೆಸ್ಟ್ರಾ ಲೈಬ್ರರಿಗಳು ಲಂಡನ್ನಿನ ಏರ್ ಸ್ಟುಡಿಯೋಸ್‌ನ ಲಿಂಡ್‌ಹರ್ಸ್ಟ್ ಹಾಲ್‌ನಲ್ಲಿ ಆದವು, ಅದು ಹಿಂದೆ ಚರ್ಚ್ ಆಗಿದ್ದ ಕಟ್ಟಡ. ಆರ್ಕೆಸ್ಟ್ರಲ್ ಟೂಲ್ಸ್‌ನ ಬರ್ಲಿನ್ ಸರಣಿ ಬರ್ಲಿನ್ನಿನ ಟೆಲ್ಡೆಕ್ಸ್ ಸ್ಟುಡಿಯೋದ್ದು. ಹಾಲ್ ಇಲ್ಲದ ಕಡೆ ಹಾಲ್ ಸೇರಿಸಬಹುದು, ಇರುವುದನ್ನು ತೆಗೆಯಲು ಆಗುವುದಿಲ್ಲ. ತೆಗೆಯುತ್ತೇವೆ ಎನ್ನುವ ಪ್ಲಗಿನ್‌ಗಳು ಮಾತಿನ ರೆಕಾರ್ಡಿಂಗ್‌ಗೆ ಪರವಾಗಿಲ್ಲ, ಪಿಟೀಲಿನ ನಾದವನ್ನು ಕೊಂದುಬಿಡುತ್ತವೆ. ಹಾಗಾಗಿ ನಿಮ್ಮಲ್ಲಿ ಅತಿ ಹೆಚ್ಚು ಹಾಲ್ ತುಂಬಿಕೊಂಡಿರುವ ಲೈಬ್ರರಿ ಯಾವುದೋ ಅದೇ ಯಜಮಾನ. ಉಳಿದವರು ಅದರ ಕೋಣೆಗೆ ಬರಬೇಕು.

ಯಜಮಾನ ಯಾರೆಂದು ಹೀಗೆ ಪತ್ತೆ ಮಾಡಿ. ಒಂದು ಬಾರ್‌ನಲ್ಲಿ ಎಲ್ಲ ವಿಭಾಗಕ್ಕೂ ಒಂದೇ ಚಿಕ್ಕ ಸ್ಟಕಾಟೊ ಸ್ವರ ಬರೆಯಿರಿ, ಮುಂದಿನ ಎರಡು ಬಾರ್ ಖಾಲಿ ಬಿಡಿ. ಹೊರಗಿನ ರಿವರ್ಬ್ ಎಲ್ಲ ಆಫ್ ಮಾಡಿ, ಒಂದೊಂದನ್ನೇ ಸೋಲೊ ಮಾಡಿ ಬಾಲವನ್ನು, ಅಂದರೆ ಸ್ವರ ನಿಂತ ಮೇಲೆ ಉಳಿಯುವ ಪ್ರತಿಧ್ವನಿಯನ್ನು ಮಾತ್ರ ಕೇಳಿ. ಸ್ಟ್ರಿಂಗ್ಸ್‌ನ ಬಾಲ ಎರಡು ಸೆಕೆಂಡ್ ಹತ್ತಿರ ಎಳೆಯುತ್ತದೆ, ಫ್ಲೂಟ್ ಥಟ್ಟನೆ ಸಾಯುತ್ತದೆ. ಈಗ ಫ್ಲೂಟ್‌ಗೆ ಮಾತ್ರ ರಿವರ್ಬ್ ಕೊಡುತ್ತಾ ಹೋಗಿ, ಎರಡೂ ಬಾಲಗಳು ಒಟ್ಟಿಗೆ ಆರುವ ತನಕ. ಹೆಸರಾಂತ ಕಛೇರಿ ಹಾಲ್‌ಗಳಾದ ವಿಯೆನ್ನಾದ ಮ್ಯೂಸಿಕ್‌ಫೆರೈನ್, ಆಮ್‌ಸ್ಟರ್‌ಡ್ಯಾಮಿನ ಕಾನ್ಸರ್ಟ್‌ಗೆಬೌ ಇವುಗಳಲ್ಲಿ ಜನ ತುಂಬಿದ್ದಾಗಿನ ಪ್ರತಿಧ್ವನಿ ಸುಮಾರು 2 ಸೆಕೆಂಡ್. ಪ್ರೀಸೆಟ್‌ನಲ್ಲಿ ನಾಲ್ಕೂವರೆ ಸೆಕೆಂಡಿನ ಕ್ಯಾಥೆಡ್ರಲ್ ಕಂಡ ಕೂಡಲೇ ಕೈ ಅತ್ತ ಹೋಗುತ್ತದೆ. ತಡೆಯಿರಿ.

ಬಾಲ ಹೊಂದಿದರೆ ಅರ್ಧ ಕೆಲಸ ಆಯಿತು. ಉಳಿದರ್ಧ ದೂರದ್ದು. ಫ್ಲೂಟ್ ಹಾಲ್‌ನೊಳಗೆ ಬಂದಿರಬಹುದು, ಆದರೂ ಪಿಟೀಲುಗಳ ಮುಂದೆ ನಿಂತಿರುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ಪ್ರೀ-ಡಿಲೇ, ಅಂದರೆ ನೇರ ನಾದಕ್ಕೂ ರಿವರ್ಬ್ ಶುರುವಾಗುವುದಕ್ಕೂ ನಡುವಿನ ಸಮಯ, ಮತ್ತು ಇದನ್ನು ಬಹಳ ಜನ ತಲೆಕೆಳಗು ಮಾಡುತ್ತಾರೆ. ಹಿಂದೆ ಕೂತ ವಾದ್ಯಕ್ಕೆ ಹೆಚ್ಚು ಪ್ರೀ-ಡಿಲೇ ಕೊಟ್ಟರೆ ಅದು ಹಿಂದೆ ಹೋಗುವುದಿಲ್ಲ, ಮುಂದಕ್ಕೆ ಬರುತ್ತದೆ. ನಿಮ್ಮ ಹತ್ತಿರ ನುಡಿಸುವವನ ನೇರ ನಾದ ಮೊದಲು ಕಿವಿಗೆ ಬಿದ್ದು, ಗೋಡೆಗೆ ಹೋಗಿ ಬರುವ ನಾದ ನಿಧಾನವಾಗಿ ತಲುಪುತ್ತದೆ. ದೂರದವನದು ಹಾಗಲ್ಲ, ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಮುಂದಿನ ಸಾಲಿಗೆ 25-30 ಮಿಲಿಸೆಕೆಂಡ್, ಹಿಂದಿನ ಸಾಲಿಗೆ 5-10, ಇಲ್ಲಿಂದ ಶುರು ಮಾಡಿ. ಜೊತೆಗೆ ದೂರದ ವಾದ್ಯದ ನೇರ ನಾದವನ್ನೇ ಸ್ವಲ್ಪ ತಗ್ಗಿಸಿ, 8 ಕಿಲೋಹರ್ಟ್ಸ್ ಮೇಲೆ ಒಂದೆರಡು ಡಿಬಿ ಇಳಿಸಿ. ಹಾರ್ನ್‌ಗೆ ಎಲ್ಲರಿಗಿಂತ ಹೆಚ್ಚು ರಿವರ್ಬ್ ಸಹಜ. ಆ ವಾದ್ಯದ ಬಾಯಿಯೇ ಹಿಂದಕ್ಕೆ ತಿರುಗಿರುತ್ತದೆ, ಅದರ ನಾದದ ದೊಡ್ಡ ಪಾಲು ಗೋಡೆಗೆ ಬಡಿದೇ ಸಭೆಗೆ ಬರುತ್ತದೆ.

ಇನ್ನು ಪ್ಯಾನಿಂಗ್, ಅಂದರೆ ವಾದ್ಯವನ್ನು ಎಡ-ಬಲದಲ್ಲಿ ಅದರ ಜಾಗಕ್ಕೆ ಕೂರಿಸುವುದು. ಸಾಮಾನ್ಯ ಆಸನ ಕ್ರಮದಲ್ಲಿ ಮೊದಲ ಪಿಟೀಲುಗಳು ಎಡಕ್ಕೆ, ಅವುಗಳ ಪಕ್ಕ ಎರಡನೆಯವು, ಆಮೇಲೆ ವಯೋಲಾ, ಬಲಕ್ಕೆ ಚೆಲ್ಲೊ, ಅದರ ಹಿಂದೆ ಡಬಲ್ ಬಾಸ್. ನಡುವೆ ವುಡ್‌ವಿಂಡ್ಸ್, ಹಿಂದೆ ಬ್ರಾಸ್, ಇನ್ನೂ ಹಿಂದೆ ಟಿಂಪನಿ. ವಾದಕರನ್ನು ಅವರವರ ಜಾಗದಲ್ಲೇ ಕೂರಿಸಿ ರೆಕಾರ್ಡ್ ಮಾಡಿದ ಲೈಬ್ರರಿಯಾದರೆ ಪ್ಯಾನ್ ಗುಂಡಿಯನ್ನು ಮುಟ್ಟಲೇಬೇಡಿ. ಒಣ ಲೈಬ್ರರಿಗಾದರೆ ಮುಟ್ಟಬೇಕು, ಆದರೆ ಒಂದು ಎಚ್ಚರ: ಸ್ಟೀರಿಯೊ ಟ್ರ್ಯಾಕ್‌ನ ಮಾಮೂಲಿ ಪ್ಯಾನ್ ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಬರೀ ಬ್ಯಾಲೆನ್ಸ್. ಎಡಕ್ಕೆ ತಿರುಗಿಸಿದರೆ ವಾದ್ಯ ಎಡಕ್ಕೆ ಸರಿಯುವುದಿಲ್ಲ, ಬಲಗಡೆಯ ನಾದ ಕಡಿಮೆಯಾಗುತ್ತದೆ ಅಷ್ಟೆ. ಎರಡು ಚಾನೆಲ್‌ಗಳನ್ನೂ ಬೇರೆ ಬೇರೆ ಸರಿಸುವ ಸ್ಟೀರಿಯೊ ಪ್ಯಾನ್ ಬಳಸಿ, ಮೊದಲು ಅಗಲವನ್ನು ಅರ್ಧಕ್ಕೆ ಇಳಿಸಿ, ಆಮೇಲೆ ಜಾಗಕ್ಕೆ ಒಯ್ಯಿರಿ.

ಪ್ರಶ್ನೆ: ಭಾವ ಏರುವ ಕಡೆ ವಾಲ್ಯೂಮ್ ಆಟೊಮೇಶನ್ (ಸಾಫ್ಟ್‌ವೇರ್ ತಾನೇ ಮಟ್ಟ ಏರಿಳಿಸುವ ಗೆರೆ) ಹಾಕುತ್ತೇನೆ. ಆದರೂ ಆರ್ಕೆಸ್ಟ್ರಾ ಎದ್ದಂತೆ ಆಗುವುದಿಲ್ಲ, ಹಾರ್ಮೋನಿಯಂ ತಿದಿ ಜೋರಾಗಿ ಒತ್ತಿದಂತೆ ಕೇಳುತ್ತದೆ. ಯಾವ ಈಕ್ಯೂ (ಆವರ್ತನಗಳನ್ನು ಏರಿಳಿಸುವ ಉಪಕರಣ), ಯಾವ ಕಂಪ್ರೆಸರ್ (ಜೋರಾದದ್ದನ್ನು ತಗ್ಗಿಸುವ ಉಪಕರಣ) ಬೇಕು?
— ಮೈಸೂರಿನ ವಿದ್ಯಾರ್ಥಿ

ಉತ್ತರ: ಎರಡೂ ಬೇಡ. ನಿಮ್ಮ ದೂರು ಮಿಕ್ಸಿಂಗ್‌ನದ್ದೇ ಅಲ್ಲ, ನುಡಿಸಾಣಿಕೆಯದು. ನನಗೆ ಬರುವ ಹತ್ತರಲ್ಲಿ ಏಳೆಂಟು ಮಿಕ್ಸಿಂಗ್ ಪ್ರಶ್ನೆಗಳ ಹಣೆಬರಹ ಇದೇ.

ಟ್ರಂಪೆಟ್ ಮೆಲ್ಲಗೆ ಊದಿದಾಗ ದುಂಡಗೆ ಕೇಳುತ್ತದೆ. ಜೋರಾಗಿ ಊದಿದಾಗ ಬರೀ ಜೋರಾಗುವುದಿಲ್ಲ, ಕೊಳವೆಯೊಳಗಿನ ಗಾಳಿಯ ಅಲೆ ಕಡಿದಾಗಿ ಮೇಲಿನ ಹಾರ್ಮೋನಿಕ್‌ಗಳು ನುಗ್ಗಿ ಬಂದು ನಾದವೇ ಹೊಳೆಯುತ್ತದೆ. ಸ್ಯಾಂಪಲ್ ಮಾಡುವವರು ಅದಕ್ಕೇ ಮೆಲುದನಿ, ಮಧ್ಯಮ, ಜೋರು ಎಂದು ಬೇರೆ ಬೇರೆ ಪದರ ರೆಕಾರ್ಡ್ ಮಾಡಿರುತ್ತಾರೆ. ಆ ಪದರಗಳ ನಡುವೆ ಓಡಾಡಿಸುವುದು ಸಾಮಾನ್ಯವಾಗಿ ಕೀಬೋರ್ಡ್‌ನ ಮಾಡ್ ವೀಲ್ ಎಂಬ ಚಕ್ರ, ಅಂದರೆ ಮಿಡಿ ಕಂಟ್ರೋಲ್ ಸಂದೇಶಗಳಲ್ಲಿ ಸಿಸಿ 1. ಸಿಸಿ 11 ಬರೀ ಮಟ್ಟವನ್ನು ಏರಿಳಿಸುತ್ತದೆ, ಟ್ರ್ಯಾಕ್‌ನ ಮಟ್ಟ ಏರಿಳಿಸುವ ಫೇಡರ್ ಕೂಡ ಅಷ್ಟೆ. ನೀವು ಮೆಲುದನಿಯ ಪದರವನ್ನು ಫೇಡರ್‌ನಿಂದ ಎತ್ತಿದ್ದೀರಿ. ಮೆಲ್ಲಗೆ ಊದುವವನ ಬಾಯಿಗೆ ಮೈಕ್ ಹತ್ತಿರ ಹಿಡಿದಂತಾಯಿತೇ ಹೊರತು ಅವನು ಜೋರಾಗಿ ಊದಿದಂತಾಗಲಿಲ್ಲ.

ನಾಲ್ಕು ಬಾರ್‌ನ ಒಂದು ಏರಿಕೆ ತೆಗೆದುಕೊಳ್ಳಿ. ವಾಲ್ಯೂಮ್ ಆಟೊಮೇಶನ್ ಪೂರ್ತಿ ಅಳಿಸಿ. ಚೆಲ್ಲೊ ಟ್ರ್ಯಾಕ್‌ನಲ್ಲಿ ಮಾಡ್ ವೀಲನ್ನು 35ರಿಂದ ಶುರು ಮಾಡಿ ನಾಲ್ಕನೇ ಬಾರ್‌ನ ಹೊತ್ತಿಗೆ 105ಕ್ಕೆ ಕೈಯಿಂದಲೇ ಏರಿಸಿ ರೆಕಾರ್ಡ್ ಮಾಡಿ. ಮೌಸ್‌ನಿಂದ ನೇರ ಗೆರೆ ಎಳೆಯಬೇಡಿ. ಪ್ರತಿ ದೀರ್ಘ ಸ್ವರದ ನಡುವೆ ಸಣ್ಣ ಉಬ್ಬು ಬರಲಿ, ಬಿಲ್ಲು ತಿರುಗುವ ಕಡೆ ಚೂರು ಇಳಿಯಲಿ. ಅದೇ ಗೆರೆಯನ್ನು ವಯೋಲಾಗೆ ಕಾಪಿ ಮಾಡುವ ಆಸೆ ಬರುತ್ತದೆ. ಬೇಡ, ಮತ್ತೆ ಕೈಯಿಂದ ಮಾಡಿ. ಎರಡರ ಶಿಖರ ಅರ್ಧ ಬೀಟ್ ಹಿಂದುಮುಂದಾದರೆ ಅದೇ ಜೀವ. ಸಿಸಿ 11 ಅನ್ನು ಕೊನೆಯ ಸ್ವರ ಶೂನ್ಯಕ್ಕೆ ಕರಗುವ ಕಡೆ ಮಾತ್ರ ಇಟ್ಟುಕೊಳ್ಳಿ.

ಹಾರ್ಮೋನಿಯಂ ವಾಸನೆಗೆ ಇನ್ನೊಂದು ಕಾರಣ ಕಾರ್ಡ್‌ಗಳು, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು. ಹದಿನಾರು ಪಿಟೀಲುಗಳನ್ನು ಒಟ್ಟಿಗೆ ರೆಕಾರ್ಡ್ ಮಾಡಿದ ಪ್ಯಾಚ್‌ನಲ್ಲಿ (ಲೈಬ್ರರಿಯ ಒಂದು ಸಿದ್ಧ ಧ್ವನಿ) ಒಟ್ಟಿಗೆ ನಾಲ್ಕು ಸ್ವರ ಒತ್ತಿದರೆ ಅರವತ್ನಾಲ್ಕು ಪಿಟೀಲು ನುಡಿಯುತ್ತವೆ. ಅಷ್ಟು ಜನರನ್ನು ಯಾವ ವೇದಿಕೆಯಲ್ಲಿ ಕೂರಿಸುತ್ತೀರಿ? ಮೊದಲ ಪಿಟೀಲು, ಎರಡನೇ ಪಿಟೀಲು, ವಯೋಲಾ, ಚೆಲ್ಲೊಗೆ ಒಂದೊಂದು ಸ್ವರ ಹಂಚಿ. ಹಂಚಿದ ಕೂಡಲೇ 200-400 ಹರ್ಟ್ಸ್ ನಡುವಿನ ಗೊಜ್ಜು ಅರ್ಧಕ್ಕರ್ಧ ಇಳಿಯುತ್ತದೆ.

ಒಂದು ಫ್ಲೂಟ್ ಬ್ರಾಸ್ ನಡುವೆ ಕೇಳುತ್ತಿಲ್ಲ ಎಂದರೆ ಫೇಡರ್ ಏರಿಸುವ ಮುಂಚೆ ಬರವಣಿಗೆ ನೋಡಿ. ರಷ್ಯಾದ ಸಂಗೀತ ಸಂಯೋಜಕ ರಿಮ್ಸ್ಕಿ-ಕೊರ್ಸಕೋವ್ ಬಿಟ್ಟುಹೋದ ಲೆಕ್ಕದ ಪ್ರಕಾರ ಜೋರು ನುಡಿಸಾಣಿಕೆಯಲ್ಲಿ ಒಂದು ಟ್ರಂಪೆಟ್ ಎರಡು ಹಾರ್ನ್‌ಗೆ ಸಮ, ಒಂದು ಹಾರ್ನ್ ಎರಡು ಫ್ಲೂಟ್‌ಗೆ ಸಮ. ಅದೂ ಫ್ಲೂಟ್‌ನ ಕೆಳ ಸ್ಥಾಯಿ ಇನ್ನೂ ದುರ್ಬಲ. ಸಾಲನ್ನು ಒಂದು ಸ್ಥಾಯಿ ಮೇಲಕ್ಕೆತ್ತಿ, ಇಲ್ಲವೇ ಬ್ರಾಸ್‌ಗೆ ಆ ಎರಡು ಬಾರ್ ಬಿಡುವು ಕೊಡಿ. ಸಿನಿಮಾದಲ್ಲಿ ಫೇಡರ್‌ನಿಂದ ಮೋಸ ಮಾಡುವುದು ಉಂಟು, ನಾನೂ ಮಾಡುತ್ತೇನೆ. ಆದರೆ ಅದು ಕೊನೆಯ ಉಪಾಯ.

ಪ್ರಶ್ನೆ: ಲೈಬ್ರರಿಯಲ್ಲಿ ಕ್ಲೋಸ್ (ವಾದ್ಯದ ಹತ್ತಿರದ್ದು), ಟ್ರೀ (ಕಂಡಕ್ಟರ್ ತಲೆಯ ಮೇಲಿನದು), ಆಂಬಿಯೆಂಟ್ (ಹಾಲ್‌ನೊಳಗೆ ದೂರದ್ದು) ಎಂದು ಮೈಕ್‌ಗಳಿವೆ. ಎಲ್ಲವನ್ನೂ ಆನ್ ಮಾಡಿದರೆ ನಾದ ದೊಡ್ಡದಾಗಬೇಕಲ್ಲ?
— ಹುಬ್ಬಳ್ಳಿಯ ಓದುಗರು

ಉತ್ತರ: ಜೋರಾಗುತ್ತದೆ, ದೊಡ್ಡದಾಗುವುದಿಲ್ಲ. ಶಬ್ದ 3.4 ಮೀಟರ್ ಸಾಗಲು ಸುಮಾರು 10 ಮಿಲಿಸೆಕೆಂಡ್ ಬೇಕು. ಹತ್ತಿರದ ಮೈಕ್‌ಗೂ ದೂರದ ಮೈಕ್‌ಗೂ ಆ ಅಂತರ ಇದ್ದೇ ಇರುತ್ತದೆ, ಎರಡನ್ನೂ ಸಮಸಮ ಬೆರೆಸಿದರೆ ಕೆಲವು ಆವರ್ತನಗಳು ಒಂದನ್ನೊಂದು ತಿನ್ನುತ್ತವೆ. ಟ್ರೀ ಮೈಕ್ ಅಡಿಪಾಯವಾಗಿರಲಿ. 1950ರ ದಶಕದಿಂದ ಡೆಕ್ಕಾ ರೆಕಾರ್ಡ್ ಕಂಪನಿಯ ಎಂಜಿನಿಯರ್‌ಗಳು ಕಂಡಕ್ಟರ್ ತಲೆಯ ಮೇಲೆ ಮೂರು ಮೈಕ್ ತೂಗುಹಾಕಿ ರೂಢಿಗೆ ತಂದ ಪದ್ಧತಿ ಅದು, ಆರ್ಕೆಸ್ಟ್ರಾದ ಪೂರ್ತಿ ಚಿತ್ರ ಅದರಲ್ಲೇ ಇದೆ. ಸಾಲು ಅಸ್ಪಷ್ಟ ಎನಿಸಿದ ಕಡೆ ಮಾತ್ರ ಕ್ಲೋಸ್ ಮೈಕನ್ನು ಟ್ರೀಗಿಂತ 8-10 ಡಿಬಿ ಕೆಳಗಿಟ್ಟು ಸೇರಿಸಿ. ಉಚಿತವಾಗಿ ಸಿಗುವ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಡಿಸ್ಕವರ್ ಬಳಸುವವರಿಗೆ ಈ ತಲೆನೋವಿಲ್ಲ, ಅದರಲ್ಲಿರುವುದು ಒಂದೇ ಸಿದ್ಧ ಮಿಕ್ಸ್.

ಪ್ರಶ್ನೆ: ಸ್ಯಾಂಪಲ್ ಸ್ಟ್ರಿಂಗ್ಸ್ ಮೇಲೆ ಗೆಳೆಯನಿಂದ ಕೊಳಲು ನುಡಿಸಿ, ಮನೆಯಲ್ಲೇ ರೆಕಾರ್ಡ್ ಮಾಡಿದೆ. ಕೊಳಲು ಅದ್ಭುತ, ಸ್ಟ್ರಿಂಗ್ಸ್ ಕೂಡ ಚೆನ್ನ. ಸೇರಿದರೆ ಏನೋ ಅಪಶ್ರುತಿ, ಅದರಲ್ಲೂ ಗಾಂಧಾರದಲ್ಲಿ ನಿಂತಾಗ. ಟ್ಯೂನರ್ ಮಾತ್ರ ಷಡ್ಜ ಸರಿಯಿದೆ ಎನ್ನುತ್ತದೆ.
— ಧಾರವಾಡದ ಓದುಗರು

ಉತ್ತರ: ಒಳ್ಳೆಯ ಕಿವಿ ನಿಮ್ಮದು. ತಂಬೂರಿಗೆ ಒಗ್ಗಿದ ಕೊಳಲು ವಾದಕ ಅಂತರ ಗಾಂಧಾರವನ್ನು ಷಡ್ಜದಿಂದ ಸುಮಾರು 386 ಸೆಂಟ್ಸ್ (ಕೀಬೋರ್ಡ್‌ನ ಪಕ್ಕಪಕ್ಕದ ಎರಡು ಮನೆಗಳ ಅಂತರ 100 ಸೆಂಟ್ಸ್) ದೂರದಲ್ಲಿ ನಿಲ್ಲಿಸುತ್ತಾನೆ. ಕೀಬೋರ್ಡ್‌ನ ಸಮ ವಿಭಾಗದಲ್ಲಿ ಅದು 400. ಹದಿನಾಲ್ಕು ಸೆಂಟ್ಸ್ ಅಂತರದಲ್ಲಿ ಎರಡೂ ದೀರ್ಘವಾಗಿ ನಿಂತರೆ ತಿಕ್ಕಾಟ ಕೇಳಿಸದೇ ಇರದು. ದಯವಿಟ್ಟು ಕೊಳಲಿಗೆ ಪಿಚ್ ಕರೆಕ್ಷನ್ ಹಾಕಬೇಡಿ, ಗಮಕ ಸತ್ತುಹೋಗುತ್ತದೆ. ಕೊಳಲು ಗಾಂಧಾರದಲ್ಲಿ ನಿಲ್ಲುವಾಗ ಸ್ಟ್ರಿಂಗ್ಸ್ ಕಾರ್ಡ್‌ನಿಂದ ಗಾಂಧಾರವನ್ನೇ ತೆಗೆದು ಷಡ್ಜ-ಪಂಚಮ ಮಾತ್ರ ಉಳಿಸಿ. ಅಥವಾ ಗಾಂಧಾರ ನುಡಿಸುವ ವಯೋಲಾ ಟ್ರ್ಯಾಕ್ ಒಂದನ್ನೇ ಆ ಜಾಗದಲ್ಲಿ ಪಿಚ್ ಬೆಂಡ್‌ನಿಂದ 14 ಸೆಂಟ್ಸ್ ಇಳಿಸಿ. ಮುಂದೆ ಎಂದಾದರೂ ಕೊಳಲಿನ ಶ್ರುತಿಯೇ ಲೈಬ್ರರಿಯ ಮಾಮೂಲಿ 440 ಹರ್ಟ್ಸ್ ಶ್ರುತಿಗೆ ಕೂಡದಿದ್ದರೆ ಲೈಬ್ರರಿಯ ಟ್ಯೂನಿಂಗ್ ಬದಲಿಸಿ, ಕೊಳಲನ್ನಲ್ಲ.

ಜಾಗದ ಪ್ರಶ್ನೆಯೂ ಇದೆ, ನೀವು ಕೇಳದಿದ್ದರೂ ಹೇಳುತ್ತೇನೆ. ಮನೆಯ ಕೋಣೆಯ ಪುಟ್ಟ ಪ್ರತಿಧ್ವನಿ ಕೊಳಲಿನ ಜೊತೆ ಬಂದುಬಿಟ್ಟರೆ ಮೇಲೆ ಎಷ್ಟು ಹಾಲ್ ಸುರಿದರೂ ಆ ಕೋಣೆ ಹೋಗುವುದಿಲ್ಲ. ವಾದಕನ ಹಿಂದೆ, ಪಕ್ಕದಲ್ಲಿ ದಪ್ಪ ರಜಾಯಿ ಕಟ್ಟಿ, ಮೈಕನ್ನು ಎರಡಡಿ ದೂರ ಇಡಿ. ಆಮೇಲೆ ಸ್ಟ್ರಿಂಗ್ಸ್‌ನ ಹಾಲ್‌ಗೆ ಹತ್ತಿರದ ರಿವರ್ಬ್ ಕೊಡಿ, ಪ್ರೀ-ಡಿಲೇ 40 ಮಿಲಿಸೆಕೆಂಡ್ ತನಕ ಹೋದರೂ ಸರಿ. ಅವನು ಸೋಲೊ ವಾದಕ, ಎಲ್ಲರಿಗಿಂತ ಮುಂದೆ ನಿಂತಿರಲಿ.

ಪ್ರಶ್ನೆ: ನನ್ನ ಆರ್ಕೆಸ್ಟ್ರಾ ಟ್ರ್ಯಾಕ್ ಉಳಿದವರ ಹಾಡುಗಳಿಗಿಂತ ಮೆಲ್ಲಗೆ ಕೇಳುತ್ತದೆ. ಲಿಮಿಟರ್ (ಮಟ್ಟ ಮಿತಿ ದಾಟದಂತೆ ತಡೆಯುವ ಉಪಕರಣ) ಹಾಕಿ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆ) ಮುಟ್ಟಿಸಲೇ?
— ಬೆಂಗಳೂರಿನ ಓದುಗರು

ಉತ್ತರ: ಬೇಡ. ಮೈನಸ್ 14 ಎಂಬುದು ಸ್ಪಾಟಿಫೈ ತನ್ನಲ್ಲಿ ಹಾಡುಗಳನ್ನು ಸಮ ಮಾಡಿಕೊಳ್ಳುವ ಮಟ್ಟ, ನೀವು ಪಾಸಾಗಬೇಕಾದ ಪರೀಕ್ಷೆ ಅಲ್ಲ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದು ಮೆಲುವಾದ ಟ್ರ್ಯಾಕನ್ನು ಪೀಕ್‌ಗೆ ಜಾಗ ಇರುವಷ್ಟು ಮಾತ್ರ ಎತ್ತುತ್ತದೆ. ಯೂಟ್ಯೂಬ್ ಜೋರಾದದ್ದನ್ನು ಇಳಿಸುತ್ತದೆ, ಮೆಲ್ಲಗಿರುವುದನ್ನು ಎತ್ತುವುದೇ ಇಲ್ಲ. ಹಾಗಾಗಿ ನಿಮ್ಮ ಟ್ರ್ಯಾಕ್ ಒಂದಿಷ್ಟು ಮೆಲ್ಲಗೇ ಇರುತ್ತದೆ, ಇರಲಿ. ಟ್ರೂ ಪೀಕ್, ಅಂದರೆ ಅಲೆಯ ನಿಜವಾದ ಶಿಖರ, ಮೈನಸ್ 1 ಡಿಬಿ ದಾಟದಂತೆ ನೋಡಿ, ಟಿಂಪನಿ ಅಥವಾ ಸಿಂಬಲ್ ಬಡಿದಾಗ ಲಿಮಿಟರ್ 2-3 ಡಿಬಿಗಿಂತ ಹೆಚ್ಚು ಹಿಡಿಯದಿರಲಿ. ಅದಕ್ಕಿಂತ ಹೆಚ್ಚು ಹಿಡಿಯುತ್ತಿದ್ದರೆ ಮಾಸ್ಟರ್ ಬಿಟ್ಟು ಆ ಒಂದು ಏಟಿನ ವೆಲಾಸಿಟಿಯನ್ನೇ (ಬಡಿತದ ಜೋರು) ಇಳಿಸಿ.